ಹಸಿ ಕಬ್ಬಿನ ವರ್ಷ

ಅದಾವ್ತುವಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇದು ಸಾಂಪೌಲೋ ಸೀಮೆಯ ನಮ್ಮ ಊರಿಗೆಲ್ಲ ಗೊತ್ತು. ಚರ್ಚಿನಲ್ಲಿ ಅವನು ಎಡಗಡೆ ಬೆಂಚಿನಲ್ಲಿ ಕೂತರೆ ನಾನು ಬಲಗಡೆ. ಬೇಕರಿಯೊಳಗೆ ಅವನಿದ್ದರೆ ನಾನು ರಸ್ತೆಯ ಆಚೆ ಬದಿಯಲ್ಲೇ ನಿಂತು ಕಾಯುತ್ತೇನೆ, ಬಿಸಿ ಬ್ರೆಡ್ಡು ಖಾಲಿಯಾದರೂ ಚಿಂತೆಯಿಲ್ಲ. ಇಂಥವನು ಇಪ್ಪತ್ತಾರು ವರ್ಷದ ಹಿಂದೆ ನನ್ನ ಮಗಳು ಸುಯೆಲೆನ್‌ಗೆ ಜ್ಞಾನಸ್ನಾನ ಮಾಡಿಸಿ ಪಾದ್ರಿ ತಲೆಯ ಮೇಲೆ ನೀರು ಹಾಕುವಾಗ ಅವಳನ್ನು ಎತ್ತಿ ಹಿಡಿದವನು. ಹಾಗೆ ಎತ್ತಿ ಹಿಡಿದವನು ಮಗುವಿಗೆ ಎರಡನೇ ಅಪ್ಪ, ತಾಯಿಗೆ ಕೊಂಪಾದ್ರೆ. ದೇವರ ಎದುರು ಆದ ನಂಟು ಅದು, ಕೊಂಪಾದ್ರೆಯ ಜೊತೆ ಹಗೆ ಸಾಧಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಅಂತ ನನ್ನಜ್ಜಿ ಹೇಳುತ್ತಿದ್ದಳು. ಸುತ್ತಿಕೊಂಡರೆ ಸುತ್ತಿಕೊಳ್ಳಲಿ. ಅಜ್ಜಿಯೇನು ಅವನ ಕೈಕೆಳಗೆ ಕಬ್ಬು ಕಡಿದಿದ್ದಳೇ?

ಮೊದಲು ಅವನು ಮಿಲ್ಲಿನ ಬೆಂಕಿ ಮೇಸ್ತ್ರಿ. ಕಬ್ಬು ಕಡಿಯುವ ಹಿಂದಿನ ಸಂಜೆ ಗಾಳಿ ನೋಡಿ, ಹೊಲದೊಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಲ್ಕು ಮೂಲೆಗೂ ಬೆಂಕಿ ಕೊಡುವುದು ಅವನ ಕೆಲಸ. ಹತ್ತು ನಿಮಿಷ ಆಕಾಶದೆತ್ತರ ಉರಿದು ತರಗೆಲ್ಲ ಬೂದಿಯಾಗುತ್ತಿತ್ತು, ಹಾವು ಚೇಳು ಸಾಯುತ್ತಿದ್ದವು, ಬರೀ ಜಲ್ಲೆ ಕಪ್ಪಗೆ ನಿಂತಿರುತ್ತಿತ್ತು. ಬೆಳಗ್ಗೆ ನಾವು ಹೋಗಿ ಮಚ್ಚು ಬೀಸಿದರೆ ಸರಸರ ಬೀಳುತ್ತಿತ್ತು. ಮಸಿ ಮೂಗಿಗೆ ಹೋಗುತ್ತಿತ್ತು, ನಿಜ, ವಾರಗಟ್ಟಲೆ ಕಪ್ಪು ಕಫ ಉಗುಳುತ್ತಿದ್ದೆವು. ಆದರೆ ಕೆಲಸ ಸಾಗುತ್ತಿತ್ತು. ಆಮೇಲೆ ಮಿಲ್ಲಿನವರು ಬೆಂಕಿ ಕೆಲಸದ ಜೊತೆಗೆ ಅವನ ಕೈಗೆ ಅಳತೆಕೋಲನ್ನೂ ಕೊಟ್ಟರು. ಎರಡು ಕಾಲಿನ ದೊಡ್ಡ ಮರದ ಕೈವಾರ ಅದು, ಕಾಲಿನಿಂದ ಕಾಲಿಗೆ ಎರಡು ಮೀಟರು. ಅದನ್ನು ತಿರುಗಿಸುತ್ತಾ ತಿರುಗಿಸುತ್ತಾ ನಾವು ಕಡಿದ ಸಾಲಿನುದ್ದಕ್ಕೂ ನಡೆದು ಆ ಮೀಟರಿನ ಮೇಲೆ ಟನ್ನು ಲೆಕ್ಕ ಹಾಕಿ ಇಂಥವಳು ಇಷ್ಟು ಕಡಿದಳು ಅಂತ ಬರೆಯಬೇಕು. ಅವತ್ತಿನಿಂದ ನಮ್ಮ ಜಗಳ ಶುರುವಾಯಿತು. ಅವನ ಕೈಯಲ್ಲಿ ಆ ಕೈವಾರ ನಡೆಯುವುದಿಲ್ಲ, ಹಾರುತ್ತದೆ, ಹಾರಿದಷ್ಟೂ ನಮ್ಮ ಮೀಟರು ಕಮ್ಮಿ. ನಾನು ಅವನ ಹಿಂದೆಯೇ ಹೋಗಿ ಗಟ್ಟಿಯಾಗಿ ಎಣಿಸುತ್ತಿದ್ದೆ, ಅವನು ಹಲ್ಲು ಕಡಿಯುತ್ತಿದ್ದ.

ಈ ವರ್ಷ ನನಗೆ ಐವತ್ತನಾಲ್ಕು. ಐವತ್ತೈದಕ್ಕೆ ಹೆಂಗಸರಿಗೆ ಪಿಂಚಣಿ, ಆದರೆ ಕೆಲಸದ ಪುಸ್ತಕದಲ್ಲಿ ಹದಿನೈದು ವರ್ಷದ ದುಡಿಮೆ ಕಾಣಿಸಬೇಕು. ನನ್ನ ಪುಸ್ತಕದಲ್ಲಿ ಇದ್ದದ್ದು ಹದಿನಾಲ್ಕು ವರ್ಷ ಎಂಟು ತಿಂಗಳು. ನಲವತ್ತು ವರ್ಷ ಕಡಿದಿದ್ದೇನೆ, ಮಿಕ್ಕಿದ್ದನ್ನು ಗುತ್ತಿಗೆಯವರು ಬರೆಯಲೇ ಇಲ್ಲ, ಹಾಳಾಗಿ ಹೋಗಲಿ. ಆಗಸ್ಟಿನಿಂದ ನವೆಂಬರ್ ತನಕ ನಾಲ್ಕು ತಿಂಗಳು ಹಲ್ಲು ಕಚ್ಚಿ ನಿಂತರೆ ಮುಗಿಯಿತು. ನಡುವೆ ತೆಗೆದುಹಾಕಿದರೆ ಮುಂದಿನ ವರ್ಷ ಐವತ್ತೈದರ ಮುದುಕಿಯನ್ನು ಯಾವ ಮಿಲ್ಲು ಕರೆಯುತ್ತದೆ? ಸಾಂಪೌಲೋ ಸೀಮೆಯ ಕಬ್ಬೆಲ್ಲ ಹುಡುಗರ ಪಾಲಾಗಿತ್ತು.

ಆಗಸ್ಟಿನ ಮೊದಲ ಸೋಮವಾರ ಮಿಲ್ಲಿನ ಎಂಜಿನಿಯರ್ ಡಾಕ್ಟರ್ ಲೀಸಿಯೊ ಹೊಲಕ್ಕೆ ಬಂದ. ಔಷಧಿ ಕೊಡುವ ಡಾಕ್ಟರಲ್ಲ, ಓದಿದವರನ್ನೆಲ್ಲ ನಾವು ಹಾಗೆ ಕರೆಯುವುದು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಭಾಷಣ ಶುರುಮಾಡಿದ.

"ಇನ್ಮೇಲೆ ಈ ಹೊಲಗಳಿಗೆ ಬೆಂಕಿ ಇಲ್ಲ. ಹಸಿ ಕಬ್ಬನ್ನೇ ಕಡೀಬೇಕು. ಪೆಟ್ರೋಲಿನ ಹೊಗೆಯಿಂದ ಭೂಮಿ ಕುದೀತಿದೆ ಕಣ್ರಮ್ಮ. ಕಬ್ಬಿನಿಂದ ಮಾಡೋ ನಮ್ಮ ಎಥನಾಲ್ ಹಾಗಲ್ಲ. ಕಾರು ಬಿಟ್ಟ ಹೊಗೇನ ಮುಂದಿನ ವರ್ಷದ ಕಬ್ಬು ಕುಡಿದುಬಿಡುತ್ತೆ. ಲೆಕ್ಕ ಚುಕ್ತಾ! ಆದ್ರೆ ಹೊಲ ಸುಟ್ಟು ಮಾಡಿದ ಎಥನಾಲ್ ಶುದ್ಧ ಅಲ್ಲ ಅಂತಾರೆ ಹೊರದೇಶದವರು. ಬುಧವಾರ ನೋಡೋಕೆ ಬರ್ತಿದ್ದಾರೆ. ಹಸಿರು ಸರ್ಟಿಫಿಕೇಟು ಸಿಕ್ಕಿದ್ರೆ ನಮ್ಮ ಮಿಲ್ಲಿನ ಹೆಸರು ಎಲ್ಲಿಗೋ ಹೋಗುತ್ತೆ."

"ನಾವೆಲ್ಲಿಗೆ ಹೋಗೋದು, ಡಾಕ್ಟರೇ?" ಅಂದೆ.

ಹೆಂಗಸರು ಕಿಸಕ್ಕೆಂದರು. ಲೀಸಿಯೊ ಕನ್ನಡಕ ಸರಿಮಾಡಿಕೊಂಡ.

"ಅಂದ್ರೆ ಏನಮ್ಮ?"

"ಹಸಿ ಕಬ್ಬಿನ ಗರಿ ಬ್ಲೇಡಿದ್ದಂಗೆ ಇರುತ್ತೆ. ತರಗು ಸುಲೀಬೇಕು, ಬುಡ ಹುಡುಕ್ಬೇಕು, ಹಾವಿದ್ಯೋ ನೋಡ್ಬೇಕು. ಸುಟ್ಟಿದ್ದು ಏಳು ಟನ್ ಕಡಿಯೋಳು ಹಸಿದು ನಾಲ್ಕು ಕಡೀಬಹುದು. ದಿನಕ್ಕೆ ಆರು ಟನ್ ಅನ್ನೋ ನಿಮ್ಮ ಕಾನೂನೂ ಇಳಿಯುತ್ತಾ?"

"ಅದು ಮೇಲಿನವರ ತೀರ್ಮಾನ, ಅದರಲ್ಲಿ ಬದಲಾವಣೆ ಇಲ್ಲ. ಸತತ ಮೂರು ದಿನ ಆರಕ್ಕಿಂತ ಕಮ್ಮಿ ಬಂದವರನ್ನ ಕೈ ಬಿಡ್ತೀವಿ. ಅದಾವ್ತು ಅಳೀತಾರೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಅಂದಳು ನನ್ನ ಪಕ್ಕದ ಕ್ಲೆವೂಜಾ. ಇಪ್ಪತ್ತು ವರ್ಷದಿಂದ ನನ್ನ ಪಕ್ಕದ ಸಾಲು ಹಿಡಿದು ಕಡಿಯುವವಳು.

ಅದಾವ್ತು ಕೈವಾರ ಹೆಗಲ ಮೇಲಿಟ್ಟುಕೊಂಡು ನಕ್ಕ. "ಮಾತಿಗೆ ಮೀಟರ್ ಇದ್ದಿದ್ರೆ ಝುಲ್ಮೀರಾ, ನೀನು ದಿನಕ್ಕೆ ಇಪ್ಪತ್ತು ಟನ್ ತೂಗ್ತಿದ್ದೆ."

"ನಿನ್ನ ಕೈವಾರಕ್ಕೆ ನಾಚಿಕೆ ಇದ್ದಿದ್ರೆ ಕೊಂಪಾದ್ರೆ, ಇಷ್ಟೊತ್ತಿಗೆ ಮುರಿದು ಬೀಳ್ತಿತ್ತು."

ಆ ದಿನ ನಾನು ಕಡಿದದ್ದು ನಾಲ್ಕು ಟನ್ನು. ಮುಖದ ಬಟ್ಟೆಯ ಸಂದಿಯಲ್ಲೂ ಗರಿ ಗೀರಿ ಕಣ್ಣಿನ ಕೆಳಗೆ ರಕ್ತ. ಮಂಗಳವಾರ ಊಟದ ಡಬ್ಬಿಯನ್ನೂ ತೆಗೆಯದೆ ಕಡಿದೆ, ಬೆನ್ನು ನೆಟ್ಟಗಾಗದ ಹಾಗೆ ಕಡಿದೆ. ಸಂಜೆ ಅದಾವ್ತು ಅಳೆದು ತಲೆಯೆತ್ತದೆ ಹೇಳಿದ, "ನಾಲ್ಕೂವರೆ."

"ಇನ್ನೊಂದ್ ಸಲ ಅಳಿ."

"ನೂರು ಸಲ ಅಳೆದ್ರೂ ಅಷ್ಟೇ. ನಾಳೆನೂ ಹಿಂಗೇ ಆದ್ರೆ ಮನೇಲಿ ಕೂತು ಹೂವಿನ ಗಿಡಕ್ಕೆ ನೀರು ಹಾಕು."

"ನಾಲ್ಕು ತಿಂಗಳು ಕಣೋ ನಂಗೆ ಬೇಕಾಗಿರೋದು. ನಾಲ್ಕೇ ತಿಂಗಳು. ನಿಂಗೊತ್ತಿಲ್ವಾ?"

"ಗೊತ್ತು. ನನ್ನ ಬೆಂಕಿ ಕೆಲಸ ಕಿತ್ಕೊಂಡಾಗ ಯಾರಾದ್ರೂ ನನ್ನ ಕೇಳಿದ್ರಾ? ಮಿಲ್ ಹೇಳಿದ್ದು ಬರೀತೀನಿ ಅಷ್ಟೇ." ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಮುಂದಿನ ಸಾಲಿಗೆ ಹೋದ.

ಆಗಲೇ ನಾನು ನಿರ್ಧಾರ ಮಾಡಿದ್ದು. ಸುಳ್ಳೇಕೆ ಹೇಳಲಿ, ಒಂದು ಚೂರೂ ಅಳುಕಲಿಲ್ಲ.

ಸುಟ್ಟ ಕಬ್ಬು ಕಾಯುವುದಿಲ್ಲ. ಒಮ್ಮೆ ಬೆಂಕಿ ತಗುಲಿತೋ, ಮೂರು ದಿನದಲ್ಲಿ ಕಡಿದು ಅರೆಯದಿದ್ದರೆ ಒಳಗಿನ ರಸ ಹುಳಿಯಾಗಿ ಮಿಲ್ಲಿಗೆ ನಷ್ಟ. ಹಿಂದೆ ಮುಷ್ಕರದ ವರ್ಷಗಳಲ್ಲಿ ನಮ್ಮವರು ಅದನ್ನೇ ಮಾಡುತ್ತಿದ್ದರು. ಕದ್ದು ಒಂದು ಹೊಲಕ್ಕೆ ಕಡ್ಡಿ ಗೀರಿದರೆ ಸಾಕು, ಕತ್ತು ಎತ್ತಿ ಮಾತಾಡುತ್ತಿದ್ದ ಮಿಲ್ಲಿನವರು ಮನೆ ಬಾಗಿಲಿಗೆ ಬಂದು ಬನ್ನಿ ಬನ್ನಿ ಅನ್ನುತ್ತಿದ್ದರು. ನಾವು ಕಡಿಯುತ್ತಿದ್ದ ಆ ದೊಡ್ಡ ಹೊಲ ಸುಟ್ಟರೆ ಗುರುವಾರ, ಶುಕ್ರವಾರ, ಶನಿವಾರ ಸುಟ್ಟ ಕಬ್ಬು. ದಿನಕ್ಕೆ ಏಳು ಟನ್ನು. ಬುಧವಾರ ಬೆಂಕಿಬಿದ್ದ ದಿನ, ಅವತ್ತಿನ ಅಳತೆಯನ್ನು ಯಾರು ಹಿಡಿಯುತ್ತಾರೆ? ಮೂರರ ಸರಪಳಿ ಹರಿಯುತ್ತದೆ. ಆ ಸರ್ಟಿಫಿಕೇಟಿನ ಮುಖಕ್ಕೂ ಸ್ವಲ್ಪ ಮಸಿ ಬಳಿದ ಹಾಗಾಗುತ್ತದೆ.

ಬುಧವಾರ ಮೂರೂವರೆಗೆ ನಿಲ್ಲಿಸುವ ಸೀಟಿ ಊದಿದರು. ಹೆಂಗಸರು ಮಚ್ಚು ಒರೆಸುತ್ತಾ ಬಸ್ಸಿನ ಕಡೆ ಹೊರಟರು. ಅದಾವ್ತು ಇನ್ನೂ ಆಚೆ ಕೊನೆಯಲ್ಲಿ ಅಳೆಯುತ್ತಿದ್ದ. "ಹೊಟ್ಟೆ ಕೆಟ್ಟಿದೆ, ಬಂದೆ" ಅಂತ ಕ್ಲೆವೂಜಾಗೆ ಹೇಳಿ ನಾನು ನಿಂತ ಕಬ್ಬಿನ ಹಿಂದಕ್ಕೆ ಹೋದೆ. ಒಳಗೆ ಯಾರೂ ಇಲ್ಲದ್ದನ್ನು ನೋಡಿದೆ. ಗಾಳಿ ನೋಡಿದೆ, ಮೆಲ್ಲಗೆ ಬಸ್ಸಿನ ಕಡೆಗೇ ಬೀಸುತ್ತಿತ್ತು. ಬೀಸಲಿ. ನಿಂತ ಕಬ್ಬಿಗೂ ಬಸ್ಸಿಗೂ ನಡುವೆ ಮೂರು ದಿನ ನಾವೇ ಕಡಿದ ಬಯಲು, ಅದರ ಮುಂದೆ ಗಾಡಿದಾರಿ. ಬೆಂಕಿ ನಿಂತ ಕಬ್ಬು ತಿಂದು ಅಂಚಿನಲ್ಲಿ ಸಾಯುತ್ತದೆ. ಚಿಕ್ಕಂದಿನಿಂದ ಸಾವಿರ ಸಲ ನೋಡಿದ್ದೇನೆ. ಮೂರು ಕಡೆ ಕಡ್ಡಿ ಗೀರಿ, ಲಂಗ ಕೊಡವಿಕೊಂಡು ಬಂದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ.

ನನ್ನ ಬುದ್ಧಿಗೆ ಗೆದ್ದಲು ಹತ್ತಿತ್ತು. ಸಾವಿರ ಸಲ ನಾನು ನೋಡಿದ್ದು ಸುಟ್ಟು ಕಡಿದ ಹೊಲ. ಅಲ್ಲಿ ಕಡಿದ ಮೇಲೆ ನೆಲ ಬೋಳು, ಬೂದಿ ಬಿಟ್ಟರೆ ಏನಿಲ್ಲ, ಬೆಂಕಿಗೆ ತಿನ್ನಲು ಕಾಳಷ್ಟೂ ಇಲ್ಲ. ಈ ಹೊಲದಲ್ಲಿ ನಾವು ಹಸಿ ಕಬ್ಬು ಸುಲಿದು ಬಿಸಾಕಿದ ತರಗು ಮೊಣಕಾಲುದ್ದ ಬಿದ್ದಿತ್ತು. ಎರಡು ದಿನದ ಆಗಸ್ಟ್ ಬಿಸಿಲಿಗೆ ಹಪ್ಪಳವಾಗಿತ್ತು. ಗಾಡಿದಾರಿಯ ಮೇಲೂ ಅದೇ ತರಗು, ಬಸ್ಸಿನ ಚಕ್ರದ ಕೆಳಗೂ ಅದೇ ತರಗು. ನಲವತ್ತು ವರ್ಷ ಕಬ್ಬು ಕಡಿದವಳು ಕಾಲ ಕೆಳಗೆ ಏನಿದೆ ಅಂತ ನೋಡಿಕೊಳ್ಳಲಿಲ್ಲ.

ಕಬ್ಬು ಧಗ್ಗನೆ ಹತ್ತಿಕೊಂಡಿತು. ಹೆಂಗಸರು ಕೂಗಿಕೊಂಡರು, ಕೆಲವರು ಚಪ್ಪಾಳೆಯನ್ನೂ ಹೊಡೆದರು. ಆಮೇಲೆ ಬೆಂಕಿ ಅಂಚಿಗೆ ಬಂತು. ನಿಲ್ಲಲಿಲ್ಲ. ತರಗಿನ ಮೇಲೆ ಇಳಿದು, ಮಂಡಿಯೆತ್ತರದಲ್ಲಿ, ಇಷ್ಟಗಲಕ್ಕೆ ಸಾಲು ಹಿಡಿದು ಬಸ್ಸಿನ ಕಡೆ ಓಡಿ ಬಂತು.

ಡ್ರೈವರ್ ನಿವಾಲ್ದು ಚಾವಿ ತಿರುಗಿಸಿದ. ಕೆಮ್ಮಿತು, ನಿಂತಿತು. ಶುದ್ಧ ಎಥನಾಲ್‌ಗೆ ಕಬ್ಬು ಕಡಿಯುವವರನ್ನು ಹೊರುವ ಬಸ್ಸು ಮೂವತ್ತು ವರ್ಷದ ಡೀಸೆಲ್ ಬಸ್ಸು, ದಿನಾ ಬೆಳಗ್ಗೆ ನಾವೇ ತಳ್ಳಿ ಸ್ಟಾರ್ಟ್ ಮಾಡುವಂಥದ್ದು.

"ಇಳೀರಿ, ತಳ್ಳಿ!" ಅಂತ ಕಿರುಚಿದ ನಿವಾಲ್ದು.

ನಲವತ್ತು ಹೆಂಗಸರು ಬಿದ್ದೂ ಎದ್ದೂ ಇಳಿದು ತಳ್ಳಿದೆವು. ತರಗಿನಲ್ಲಿ ಕಾಲು ಜಾರುತ್ತಿತ್ತು, ಚಕ್ರ ಅಲ್ಲೇ ತಿರುಗುತ್ತಿತ್ತು. ಹೊಗೆ ಕಣ್ಣಿಗೆ ಬಂತು. ಹೊಸ ಹುಡುಗಿಯೊಬ್ಬಳು ಅಮ್ಮಾ ಅಮ್ಮಾ ಅಂತ ಅಳುತ್ತಾ ನನ್ನ ತೋಳು ಹಿಡಿದುಕೊಂಡಳು. ನಾನು ಅವಳನ್ನು ಕೊಡವಿಕೊಂಡೆ.

ಆಗ ಅದಾವ್ತು ಹೊಗೆಯೊಳಗಿಂದ ಓಡಿ ಬಂದ. ಕೈವಾರ ಎಸೆದು, ಬಸ್ಸಿಗೂ ಬೆಂಕಿಗೂ ನಡುವೆ ಮೂವತ್ತು ಹೆಜ್ಜೆ ದೂರಕ್ಕೆ ಹೋಗಿ, ಜೇಬಿನಿಂದ ಲೈಟರ್ ತೆಗೆದು ಬಗ್ಗಿದ. ತರಗಿಗೆ ಇಲ್ಲೊಂದು ಕಡೆ, ಅಲ್ಲೊಂದು ಕಡೆ, ಓಡುತ್ತಾ ಓಡುತ್ತಾ ಉದ್ದಕ್ಕೂ ಬೆಂಕಿ ಹಚ್ಚಿದ. ಬಸ್ಸಿನ ಕಡೆ ಹರಿದು ಬಂದ ಉರಿಯನ್ನು ಬೂಟಿನಲ್ಲಿ ತುಳಿದು ತುಳಿದು ಆರಿಸಿದ. ಮಿಕ್ಕಿದ್ದು ಎದುರಿನ ಬೆಂಕಿಯತ್ತ ಹೋಯಿತು. ಎರಡೂ ನಡುವೆ ಒಂದನ್ನೊಂದು ಮುಟ್ಟಿ, ಒಮ್ಮೆ ಎತ್ತರಕ್ಕೆ ಎದ್ದು, ತಿನ್ನಲು ಏನೂ ಇಲ್ಲದೆ ಸತ್ತವು. ಬಸ್ಸೂ ಉಳಿಯಿತು, ನಾವೂ ಉಳಿದೆವು. ಅವನ ಪ್ಯಾಂಟು ಮಂಡಿಯ ತನಕ ಸುಟ್ಟುಹೋಗಿತ್ತು.

ಎದುರು ಬೆಂಕಿ ಕೊಡುವುದೆಂದರೆ ಏನಂತ ಗೊತ್ತಿಲ್ಲದವರು ಕಂಡದ್ದು ಬೇರೆ. ಅತಿಥಿಗಳನ್ನು ಕೂರಿಸಿಕೊಂಡ ಲೀಸಿಯೊನ ಬಿಳಿ ಗಾಡಿ ಸರಿಯಾಗಿ ಅದೇ ಹೊತ್ತಿಗೆ ಬಂದಿತ್ತು. ಕೆಂಪು ಮೂತಿಯ ಹೊರದೇಶದವನೊಬ್ಬ ಕ್ಯಾಮೆರಾ ಹಿಡಿದು ಪಟ ಪಟ ಹೊಡೆದಿದ್ದ. ಪಟದಲ್ಲಿ ಅದಾವ್ತು, ಬಗ್ಗಿದ್ದಾನೆ, ಕೈಯಲ್ಲಿ ಲೈಟರು, ಮುಂದೆ ಉರಿ.

ಲೀಸಿಯೊ ಗಾಡಿಯಿಂದ ಹಾರಿ ಬಂದ. "ಅದಾವ್ತು! ಏನ್ ಮಾಡಿದೆಯೋ!"

"ನಾನಲ್ಲ ಡಾಕ್ಟರೇ, ನಾನು ಕೊಟ್ಟಿದ್ದು ಎದುರು ಬೆಂಕಿ. ಮೊದಲು ಹಚ್ಚಿದ್ದು ಇವಳು!" ಬೆರಳು ನೆಟ್ಟಗೆ ನನ್ನ ಕಡೆ. "ಝುಲ್ಮೀರಾ! ಆ ಕಬ್ಬಿನ ಹಿಂದಿಂದ ಲಂಗ ಕೊಡವ್ಕೊಂಡು ಬರೋದನ್ನ ನನ್ನ ಕಣ್ಣಾರೆ ಕಂಡೆ!"

ಹೆಂಗಸರೆಲ್ಲ ಒಟ್ಟಿಗೆ ಬಾಯಿ ಮಾಡಿದರು.

"ಥೂ ನಿನ್ನ! ಇಂಥ ಹೊತ್ತಲ್ಲೂ ಹಗೆ ಸಾಧಿಸ್ತೀಯಲ್ಲೋ!"

"ಹೊಟ್ಟೆ ನೋವು ಅಂತ ಹೋಗಿದ್ಲು ಪಾಪ, ಮುದುಕಿ!"

"ನಿನ್ನ ಕೈಲಿ ಲೈಟರ್ ಇಟ್ಕೊಂಡು ಅವಳ ಕಡೆ ಕೈ ತೋರಿಸ್ತೀಯಾ?"

ಅವರೇನೂ ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದು ನಮ್ಮ ಜಗಳ. ಅವನು ಇವತ್ತು ಸೂರ್ಯ ಪೂರ್ವದಲ್ಲಿ ಹುಟ್ಟಿದ ಅಂದರೂ, ನನ್ನ ಹೆಸರು ಸೇರಿಸಿ ಹೇಳಿದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಕ್ಲೆವೂಜಾ ಹಳಬಳು, ಎದುರು ಬೆಂಕಿ ಗುರುತಿರುವವಳು. ನನ್ನ ಮುಖ ನೋಡಿದಳು. ಅವಳದ್ದೂ ಎರಡು ದಿನ ನಾಲ್ಕೇ ಟನ್ನು. ನೆಲ ನೋಡಿ ಸುಮ್ಮನಾದಳು.

ಲೀಸಿಯೊ ನನ್ನ ಕೇಳಿದ. "ಹೌದೇನಮ್ಮ?"

"ಡಾಕ್ಟರೇ," ಅಂದೆ, "ನನ್ನ ಕೊಂಪಾದ್ರೆ ನನ್ನ ಬಗ್ಗೆ ಒಳ್ಳೇದು ಹೇಳಿದ್ದನ್ನ ನೀವ್ಯಾವತ್ತಾದ್ರೂ ಕೇಳಿದ್ದೀರಾ?"

ಎಲ್ಲರೂ ನಕ್ಕರು. ಅದಾವ್ತು ನಗಲಿಲ್ಲ. ಬೈಯಲೂ ಇಲ್ಲ, ಅದಕ್ಕೇ ನನಗೆ ಕಸಿವಿಸಿಯಾಯಿತು. ಬೆಂಕಿ ಕೆಲಸ ಹೋದ ಸಿಟ್ಟಿಗೆ ಅತಿಥಿಗಳ ಮುಂದೆ ಮಿಲ್ಲಿನ ಮಾನ ಕಳೆಯಲು ಹೀಗೆ ಮಾಡಿದ ಅಂತ ಲೀಸಿಯೊ ಅಲ್ಲೇ ತೀರ್ಮಾನ ಕೊಟ್ಟ. ಪೊಲೀಸರು ಬರುವ ತನಕ ಅದಾವ್ತು ಸುಟ್ಟ ಕಾಲು ಚಾಚಿಕೊಂಡು ಬಸ್ಸಿನ ಚಕ್ರಕ್ಕೆ ಒರಗಿ ಕೂತಿದ್ದ. ಯಾರೂ ಅವನಿಗೆ ನೀರು ಕೊಡಲಿಲ್ಲ. ನನ್ನ ಬಾಟಲಿಯಲ್ಲಿ ಅರ್ಧ ನೀರಿತ್ತು.

ಗುರುವಾರ ಬೆಳಗ್ಗೆ ನಾನು ಎಣಿಸಿದ ಹಾಗೇ ಆಯಿತು. ನಾಲ್ಕೂವರೆಗೆಲ್ಲ ಬಸ್ಸು ಬೀದಿಗೆ ಬಂದು ಹಾರ್ನ್ ಹೊಡೆಯಿತು. "ಬೇಗ ಬನ್ರಮ್ಮ, ಶನಿವಾರದೊಳಗೆ ಮುಗೀಬೇಕು," ಅಂತ ಗೋಗರೆಯುವ ದನಿ. ಮೂರು ದಿನ ಕಪ್ಪು ಜಲ್ಲೆ ಕಡಿದೆ. ಏಳು, ಏಳೂಕಾಲು, ಏಳೂವರೆ. ಹೊಸದಾಗಿ ಅಳೆಯಲು ಬಂದವನಿಗೆ ಕೈವಾರ ಹಿಡಿಯಲೂ ಬರುತ್ತಿರಲಿಲ್ಲ, ಆದರೂ ಕಡಿದಷ್ಟನ್ನು ಬರೆದುಕೊಂಡ. ನನ್ನ ಹೆಸರು ಪಟ್ಟಿಯಲ್ಲಿ ಉಳಿಯಿತು. ಸಂತೋಷವಾಯಿತೇ ಅಂದರೆ, ಆಯಿತು. ಸುಳ್ಳು ಹೇಳಲಾರೆ.

ಭಾನುವಾರ ಮಧ್ಯಾಹ್ನ ಸುಯೆಲೆನ್ ಬಂದಳು. ಅವಳು ಹೆದ್ದಾರಿಯ ಪಂಪಿನಲ್ಲಿ ಕಾರುಗಳಿಗೆ ಎಥನಾಲ್ ಹಾಕುವ ಕೆಲಸದವಳು. ಸಮವಸ್ತ್ರದಲ್ಲೇ ಇದ್ದಳು, ಮೈಯೆಲ್ಲ ಎಥನಾಲಿನ ಸಾರಾಯಿ ವಾಸನೆ. ಅನ್ನ, ಬೇಯಿಸಿದ ಕಾಳು ಬಡಿಸಿದೆ. ತಟ್ಟೆ ಮುಟ್ಟಲಿಲ್ಲ.

"ಸ್ಟೇಷನ್ನಿಗೆ ಹೋಗಿದ್ದೆ ಅಮ್ಮ. ಅವರಿಗೆ ಊಟ ಕೊಟ್ಟು ಬಂದೆ."

"ಯಾರಿಗೆ?"

"ಯಾರಿಗೆ ಅಂತೀಯಲ್ಲ. ನನ್ನ ಎತ್ತಿ ಹಿಡಿದೋರಿಗೆ. ಕಾಲು ಕೀವು ತುಂಬ್ಕೊಂಡಿದೆ. ನೀನೇ ಹಚ್ಚಿದ್ದು ಅಂತಾರೆ."

"ಹೇಳ್ತಾನೆ. ಬಾಯಿದೆ, ಹೇಳ್ತಾನೆ. ಇಷ್ಟು ವರ್ಷದಿಂದ ನನ್ನ ಮೇಲೆ ಹೇಳಿದ್ರಲ್ಲಿ ಯಾವುದು ನಿಜ ಆಗಿದೆ?"

"ನಾನೂ ಅದನ್ನೇ ಅಂದೆ. ಜಗಳ ಎಷ್ಟಿದ್ರೂ ನಮ್ಮಮ್ಮ ಅಂಥೋಳಲ್ಲ, ಸುಮ್ನಿರಿ ಅಂತ ಅವರಿಗೇ ಬೈದು ಬಂದೆ." ಅವಳ ಕಣ್ಣಲ್ಲಿ ನೀರಿತ್ತು. "ಯಾವ ಮುಂಡೇಗಂಡ ಹಚ್ಚಿದ್ನೋ ಕಾಣೆ. ನಲವತ್ತು ಜನ ಬಸ್ಸಲ್ಲಿದ್ದೀರಿ, ನೀನೂ ಇದ್ದೀಯ. ಬೆಂಕಿ ಅಂದ್ರೆ ಏನಂತ ಗೊತ್ತಿಲ್ದಿರೋ ದಡ್ಡ ಮುಂಡೇದು. ಗಾಳಿ ಬಸ್ಸಿನ ಕಡೆ ಇದೆ ಅಂತಾನೂ ನೋಡದೆ..."

"ಗಾಳಿ ನೋಡ್ದೆ ಇರ್ತಾರೇನೇ?" ನನಗೆ ರೇಗಿತು. "ನೋಡಿದ್ದೆ! ಒಳಗೆ ಯಾರಿದ್ದಾರೆ ಅಂತಾನೂ ನೋಡಿದ್ದೆ! ನಾನೇನು ನಿನ್ನೆ ಮೊನ್ನೆ ಬೆಂಕಿ ಕಂಡೋಳಾ? ನೆಲ ಮೊದಲಿನ ಹಾಗೆ ಬೋಳಾಗಿದ್ದಿದ್ರೆ ಅಂಚಲ್ಲೇ ಸಾಯ್ತಿತ್ತು, ಒಂದು ಗೇಣೂ ಮುಂದಕ್ಕೆ ಬರ್ತಿರಲಿಲ್ಲ! ಆ ಹಾಳು ತರಗು..."

ಅಷ್ಟು ಹೇಳಿ ನಿಲ್ಲಿಸಿದೆ. ಆಡಿದ ಮಾತು ಮನೆ ತುಂಬ ನಿಂತಿತ್ತು.

ಸುಯೆಲೆನ್ ನನ್ನನ್ನೇ ನೋಡುತ್ತಿದ್ದಳು. ತಟ್ಟೆ ಸರಿಸಿ ಎದ್ದಳು. "ಬಾ. ಗಾಡಿ ಹತ್ತು. ಸ್ಟೇಷನ್ನಿಗೆ ಹೋಗಿ ಹೇಳಿ ಬರೋಣ."

"ಹೇಳ್ತೀನಿ. ಹೇಳಲ್ಲ ಅಂದ್ನಾ? ನವೆಂಬರ್ ಮುಗೀಲಿ. ಪುಸ್ತಕದಲ್ಲಿ ಮೊಹರು ಬಿದ್ದ ಮಾರನೇ ದಿನ ನಾನೇ ಹೋಗಿ ಹೇಳ್ತೀನಿ."

"ಅಲ್ಲೀ ತನಕ ಅವರು ಒಳಗಿರಬೇಕಾ?"

"ಅವನಿಗೇನೇ? ಕೂತಲ್ಲಿಗೆ ಊಟ ಬರುತ್ತೆ. ಮೂರು ದಿನ ನಾಲ್ಕು ಟನ್ ಅಂತ ಬರೆದು ನನ್ನ ಬೀದಿಗೆ ತಳ್ಳೋಕೆ ನಿಂತಿದ್ನಲ್ಲ, ಆಗ ಅವನಿಗೆ ನೆನಪಿತ್ತಾ ನಾನು ನಿನ್ನ ತಾಯಿ ಅಂತ?"

"ಬಸ್ಸಿನ ಮುಂದೆ ಓಡಿದಾಗ ನೆನಪಿತ್ತಲ್ಲಮ್ಮ."

ನಾನು ಕೂಗಾಡಿದೆ. ಹೆತ್ತ ತಾಯಿಗಿಂತ ಅವನೇ ಹೆಚ್ಚಾದನೇ ಅಂದೆ, ಹಾಲು ಕೊಟ್ಟಿದ್ದು ಅವನಾ ಅಂದೆ, ಇನ್ನೂ ಏನೇನೋ ಅಂದೆ. ಅವಳು ಹೆಲ್ಮೆಟ್ಟು ತೆಗೆದುಕೊಂಡಳು. ನಮ್ಮಲ್ಲಿ ಮಕ್ಕಳು ಎಷ್ಟೇ ದೊಡ್ಡವರಾಗಲಿ, ಎಷ್ಟೇ ಜಗಳವಾಗಿರಲಿ, ಹೊಸ್ತಿಲು ದಾಟುವ ಮುಂಚೆ "ಆಶೀರ್ವಾದ ಮಾಡಮ್ಮ" ಅನ್ನದೆ ಹೋಗುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಸುಯೆಲೆನ್ ಒಂದು ದಿನವೂ ಅದನ್ನು ಮರೆತವಳಲ್ಲ. ಅವತ್ತು ಕೇಳಲಿಲ್ಲ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟಳು.

ನಾನು ಓಡಿಹೋಗಿ ಗೇಟು ಹಿಡಿದು ನಿಂತು, ಬೀದಿಗೆಲ್ಲ ಕೇಳುವ ಹಾಗೆ "ದೇವರು ನಿನಗೆ ಒಳ್ಳೇದು ಮಾಡ್ಲಿ ಮಗಳೇ!" ಅಂತ ಕೂಗಿದೆ. ಅವಳು ಗಾಡಿ ಸ್ಟಾರ್ಟ್ ಮಾಡಿದಳು, ತಿರುಗಿ ನೋಡಲಿಲ್ಲ.

ಸೋಮವಾರ ಮತ್ತೆ ಹಸಿ ಕಬ್ಬಿನ ಹೊಲ, ಮೂರು ದಿನದ ಲೆಕ್ಕ ಮತ್ತೆ ಮೊದಲಿಂದ. ನಾನು ಕಡಿದದ್ದು ನಾಲ್ಕು ಟನ್ನು.